ಪ್ರಥಮ ಮಹಿಳಾ ರಬ್ಬಿ ರೆಜೀನಾ ಯೋನಾಸ್

ನಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ನಾವು ಕೊಚ್ಚಿಗೆ ಪ್ರವಾಸ ಹೋಗಿದ್ದಾಗ ಮಟ್ಟಂಚೇರಿಯಲ್ಲಿರುವ ಯೆಹೂದ್ಯರ ಪ್ರಾರ್ಥನಾಮಂದಿರವನ್ನು ನೋಡಿದೆವು. 1568ರಲ್ಲಿ ಕಟ್ಟಿದ ಮಂದಿರವದು. ನೆಲಕ್ಕೆ ನೀಲಿ ಚಿತ್ರದ ಚೀನೀ ಹಂಚು, ಮೇಲೆ ತೂಗುವ ಗಾಜಿನ ದೀಪಗಳು, ಹೆಂಗಸರು ಕುಳಿತುಕೊಳ್ಳುವುದಕ್ಕೆ ಬೇರೆಯಾಗಿ ಮಹಡಿ. ಕೊಚ್ಚಿಯ ಯೆಹೂದ್ಯರಲ್ಲಿ ರಬ್ಬಿಗಳಿರಲಿಲ್ಲ; ಪ್ರಾರ್ಥನೆಯನ್ನು ಹಿರಿಯರೇ ನಡೆಸುತ್ತಿದ್ದರು. ರಬ್ಬಿ ಎಂದರೆ ಧರ್ಮಶಾಸ್ತ್ರ ಬಲ್ಲ ಗುರು ಎಂದು ನಾವು ವಿವರಿಸಿದಾಗ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮಹಡಿಯ ಕಡೆ ನೋಡಿ, ಹೆಂಗಸರು ರಬ್ಬಿ ಆಗಬಹುದೇ ಎಂದು ಕೇಳಿದಳು. ಆ ದಿನ ನಮ್ಮಲ್ಲಿ ಸರಿಯಾದ ಉತ್ತರವಿರಲಿಲ್ಲ. ಊರಿಗೆ ಬಂದ ಮೇಲೆ ಓದಿ ತಿಳಿದುಕೊಂಡದ್ದನ್ನು ಆ ಹುಡುಗಿಗೂ ಅವಳಂಥ ಇತರರಿಗೂ ಇಲ್ಲಿ ಹೇಳುತ್ತಿದ್ದೇವೆ.

ಇದೇ ಪ್ರಶ್ನೆಯನ್ನು ಜರ್ಮನಿಯ ಒಬ್ಬ ಬಡ ಹುಡುಗಿ ನೂರು ವರ್ಷಗಳ ಹಿಂದೆ ತನಗೆ ತಾನೇ ಕೇಳಿಕೊಂಡಿದ್ದಳು. ಅವಳೇ ರೆಜೀನಾ ಯೋನಾಸ್.

ರೆಜೀನಾ ಹುಟ್ಟಿದ್ದು 1902ರ ಆಗಸ್ಟ್ 3ರಂದು, ಬರ್ಲಿನ್ ನಗರದಲ್ಲಿ. ಬಡ ಯೆಹೂದ್ಯ ಕುಟುಂಬಗಳು ಒತ್ತೊತ್ತಾಗಿ ವಾಸಿಸುತ್ತಿದ್ದ ಕೇರಿ ಅವರದು. ತಂದೆ ಸಣ್ಣ ವ್ಯಾಪಾರಿ. ಮಗಳಿಗೆ ಹನ್ನೊಂದು ವರ್ಷವಾಗುವಷ್ಟರಲ್ಲಿ ಅವರು ತೀರಿಕೊಂಡರು. ತಾಯಿ ಸಾರಾ ಮಗ ಅಬ್ರಹಾಮನನ್ನೂ ಮಗಳನ್ನೂ ಕಷ್ಟಪಟ್ಟು ಬೆಳೆಸಿದರು. ಅವರ ಮನೆ ಸಂಪ್ರದಾಯ ಬಿಡದ ಮನೆ. ಆ ಕುಟುಂಬ ಹೋಗುತ್ತಿದ್ದ ಪ್ರಾರ್ಥನಾಮಂದಿರದ ರಬ್ಬಿ ಮಾಕ್ಸ್ ವೈಲ್ ಎಂಬವರು ಹುಡುಗಿಯ ಜ್ಞಾನದಾಹವನ್ನು ಕಂಡು ವಾರಕ್ಕೊಮ್ಮೆ ಶಾಸ್ತ್ರಪಾಠ ಹೇಳಿಕೊಟ್ಟರು. ಈ ಪಾಠ ಅನೇಕ ವರ್ಷ ನಡೆಯಿತು. ಒಳ್ಳೆಯ ಗುರು ದೊರಕಿದರೆ ಬಡತನವೂ ಸ್ವಲ್ಪ ದಾರಿ ಬಿಡುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

1924ರಲ್ಲಿ ರೆಜೀನಾ ಶಿಕ್ಷಕಿಯ ಅರ್ಹತೆ ಪಡೆದು ಬರ್ಲಿನ್ನಿನ ಯೆಹೂದ್ಯ ವಿದ್ಯಾಪೀಠವನ್ನು ಸೇರಿದರು. 1872ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ ಉದಾರ ಮನೋಭಾವದ್ದೆಂದು ಹೆಸರಾಗಿತ್ತು. ಅಲ್ಲಿ ಹೆಣ್ಣುಮಕ್ಕಳೂ ಓದುತ್ತಿದ್ದರು. ಆದರೆ ಅವರೆಲ್ಲ ಓದಿ ಅಧ್ಯಾಪಕಿಯರಾಗಬೇಕೆಂದಿದ್ದವರು. ರಬ್ಬಿಯೇ ಆಗಬೇಕೆಂದು ಬಾಯಿಬಿಟ್ಟು ಹೇಳಿದವರು ರೆಜೀನಾ ಒಬ್ಬರೇ. ಹೆಣ್ಣುಮಕ್ಕಳ ಶಾಲೆಗಳಲ್ಲಿ ಪಾಠ ಹೇಳಿ ಅವರು ತಮ್ಮ ಜೀವನ ನಡೆಸುತ್ತಿದ್ದರು.

1930ರಲ್ಲಿ ಅವರು ಒಪ್ಪಿಸಿದ ಪ್ರಬಂಧದ ಹೆಸರೇ ಒಂದು ಪ್ರಶ್ನೆ: ಸ್ತ್ರೀ ರಬ್ಬಿಯ ಹುದ್ದೆಯನ್ನು ವಹಿಸಬಹುದೇ? ಸುಮಾರು ತೊಂಬತ್ತು ಪುಟಗಳ ಈ ಪ್ರಬಂಧದ ರೀತಿಯನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ಹಳೆಯದೆಲ್ಲ ತಪ್ಪು, ಅದನ್ನು ಎಸೆದುಬಿಡೋಣ ಎಂದು ರೆಜೀನಾ ವಾದಿಸಲಿಲ್ಲ. ಅವರು ಹಳೆಯ ಗ್ರಂಥಗಳನ್ನೇ ತೆರೆದರು. ಬೈಬಲ್, ಧರ್ಮಚರ್ಚೆಯ ಮಹಾಗ್ರಂಥವಾದ ತಾಲ್ಮುದ್, ಅವುಗಳ ಮೇಲೆ ನೂರಾರು ವರ್ಷ ಪಂಡಿತರು ಬರೆದ ವ್ಯಾಖ್ಯಾನಗಳು, ಇವನ್ನೆಲ್ಲ ಜಾಲಾಡಿ ಎಲ್ಲಿ ನಿಜವಾದ ನಿಷೇಧವಿದೆ, ಎಲ್ಲಿ ಬರಿಯ ರೂಢಿಯಿದೆ ಎಂದು ಬೇರ್ಪಡಿಸಿದರು. ನ್ಯಾಯ ಹೇಳಿದ ದೆಬೋರಾ ಬೈಬಲಿನಲ್ಲಿಯೇ ಇದ್ದಾಳೆ. ಪಂಡಿತರ ನಡುವೆ ಶಾಸ್ತ್ರಾರ್ಥ ಮಾಡಿದ ಬೆರೂರ್ಯಾ ತಾಲ್ಮುದಿನಲ್ಲಿಯೇ ಇದ್ದಾಳೆ. ಕಲಿಸುವುದು, ಪ್ರವಚನ ಮಾಡುವುದು, ದುಃಖದಲ್ಲಿರುವವರನ್ನು ಸಂತೈಸುವುದು, ಮಕ್ಕಳನ್ನು ತಿದ್ದುವುದು, ಇವೇ ರಬ್ಬಿಯ ಕೆಲಸಗಳಾದರೆ ಇದಕ್ಕೆ ಹೆಂಗಸು ಅಡ್ಡಿಯಾಗುವುದು ಎಲ್ಲಿ? ಶಾಸ್ತ್ರಕ್ಕಿಂತ ಹೆಚ್ಚಾಗಿ ಪೂರ್ವಗ್ರಹವೂ ಅಭ್ಯಾಸವಿಲ್ಲದಿರುವುದೂ ಇಲ್ಲಿ ಅಡ್ಡನಿಂತಿವೆ ಎಂಬ ನಿರ್ಣಯಕ್ಕೆ ಅವರು ಬಂದರು.

ತಾಲ್ಮುದ್ ಪ್ರಾಧ್ಯಾಪಕರಾದ ಎಡುವಾರ್ಡ್ ಬಾನೆತ್ ಪ್ರಬಂಧವನ್ನು ಮೆಚ್ಚಿ ಒಳ್ಳೆಯ ದರ್ಜೆ ಕೊಟ್ಟರು. ದೀಕ್ಷೆಗೆ ಬೇಕಾದ ಪರೀಕ್ಷೆ ಅವರ ಕೈಯಲ್ಲಿತ್ತು. ಆದರೆ ಅದೇ ವರ್ಷ ಅವರು ನಿಧನ ಹೊಂದಿದರು. ಅವರ ಸ್ಥಾನಕ್ಕೆ ಬಂದವರು ಸ್ತ್ರೀಯರಿಗೆ ದೀಕ್ಷೆ ಕೊಡಲು ಒಪ್ಪಲಿಲ್ಲ. ಓದು ಮುಗಿಸಿದ ರೆಜೀನಾ ಕೈಗೆ ಬಂದದ್ದು ಧರ್ಮಶಿಕ್ಷಕಿ ಎಂಬ ಪ್ರಮಾಣಪತ್ರ ಮಾತ್ರ.

ಅವರು ಮುನಿಸಿಕೊಂಡು ಕೂರಲಿಲ್ಲ. ಐದು ವರ್ಷ ಪಾಠ ಹೇಳುತ್ತ ಕಾದರು. ಅಷ್ಟರಲ್ಲಿ ದೇಶದ ಗತಿಯೇ ಬದಲಾಯಿತು. 1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದನು. ಆಗ ಜರ್ಮನಿಯಲ್ಲಿ ಸುಮಾರು 5 ಲಕ್ಷ ಯೆಹೂದ್ಯರಿದ್ದರು. ಅವರಲ್ಲಿ ಸುಮಾರು 1 ಲಕ್ಷ 60 ಸಾವಿರ ಜನ ಬರ್ಲಿನ್ನಿನಲ್ಲಿಯೇ ವಾಸವಾಗಿದ್ದರು. 1935ರ ನ್ಯೂರೆಂಬರ್ಗ್ ಕಾನೂನುಗಳು ಅವರ ಪೌರತ್ವವನ್ನೇ ಕಸಿದುಕೊಂಡವು. ಅದೇ ವರ್ಷದ ಡಿಸೆಂಬರ್ 27ರಂದು, ಉದಾರ ಪಂಥದ ರಬ್ಬಿಗಳ ಸಂಘದ ಪರವಾಗಿ, ಆಫೆನ್‌ಬಾಖ್ ಎಂಬ ಊರಿನ ರಬ್ಬಿ ಮಾಕ್ಸ್ ಡೀನೆಮಾನ್ ಅವರು ರೆಜೀನಾರನ್ನು ಬಾಯಿಪಾಠದಲ್ಲಿ ಪರೀಕ್ಷಿಸಿ ರಬ್ಬಿ ದೀಕ್ಷೆಯ ಪತ್ರಕ್ಕೆ ಸಹಿ ಹಾಕಿದರು. ಲೋಕದಲ್ಲಿ ಈ ದೀಕ್ಷೆ ಪಡೆದ ಮೊದಲನೆಯ ಮಹಿಳೆ ಅವರೇ.

ದೀಕ್ಷೆ ಸಿಕ್ಕಿತು, ಪೀಠ ಸಿಗಲಿಲ್ಲ. 1937ರಲ್ಲಿ ಬರ್ಲಿನ್ನಿನ ಯೆಹೂದ್ಯ ಸಮುದಾಯ ಅವರನ್ನು ಧರ್ಮಶಿಕ್ಷಕಿಯೆಂದು ನೇಮಿಸಿಕೊಂಡಿತು. ಯೆಹೂದ್ಯ ಆಸ್ಪತ್ರೆಯ ರೋಗಿಗಳನ್ನೂ ವೃದ್ಧಾಶ್ರಮದ ಮುದುಕರನ್ನೂ ನೋಡಿಕೊಳ್ಳುವ ಹೊಣೆ ಕೊಟ್ಟಿತು. ಮೂರು ಸಾವಿರಕ್ಕೂ ಹೆಚ್ಚು ಜನ ಕುಳಿತುಕೊಳ್ಳಬಹುದಾದ ಹೊಸ ಪ್ರಾರ್ಥನಾಮಂದಿರದಲ್ಲಿ ಅವರಿಗೆ ಮುಖ್ಯ ಸಭಾಂಗಣದ ಪೀಠ ದೊರೆಯಲಿಲ್ಲ. ವಾರದ ದಿನಗಳ ಪ್ರಾರ್ಥನೆಗಿದ್ದ ಚಿಕ್ಕ ಕೊಠಡಿಯಲ್ಲಿ ಅವರು ಪ್ರವಚನ ಮಾಡಿದರು. ಆದರೂ ಜನ ಬಂದರು. ಮಕ್ಕಳೂ ರೋಗಿಗಳೂ ಅವರನ್ನು ಕುಮಾರಿ ರಬ್ಬಿ ಎಂಬರ್ಥದ ಮಾತಿನಿಂದ ಕರೆಯುತ್ತಿದ್ದರು. ಅವರು ಕೊನೆಯವರೆಗೂ ಮದುವೆಯಾಗಲಿಲ್ಲ, ತಾಯಿಯೊಡನೆಯೇ ಇದ್ದರು.

1938ರ ನವೆಂಬರ್ 9ರ ರಾತ್ರಿ ಜರ್ಮನಿಯ ಉದ್ದಗಲಕ್ಕೂ ಯೆಹೂದ್ಯರ ಮಂದಿರಗಳಿಗೆ ಬೆಂಕಿ ಬಿತ್ತು. ಯೆಹೂದ್ಯ ಮಕ್ಕಳನ್ನು ಸರಕಾರಿ ಶಾಲೆಗಳಿಂದ ಹೊರಗೆ ಹಾಕಿದರು. ರಬ್ಬಿಗಳಲ್ಲಿ ಕೆಲವರು ಸೆರೆಯಾದರು, ಅನೇಕರು ದೇಶ ಬಿಟ್ಟರು. ಆಗ ಊರೂರುಗಳಲ್ಲಿ ಉಳಿದವರು ಮುದುಕರು, ಬಡವರು, ಹೋಗಲು ದಾರಿಯಿಲ್ಲದವರು. ಹೆಂಗಸು ರಬ್ಬಿಯಾಗಬಹುದೇ ಎಂದು ಚರ್ಚಿಸುವ ಪುರಸೊತ್ತು ಅವರಿಗೆ ಇರಲಿಲ್ಲ. ಒಬ್ಬ ರಬ್ಬಿ ಬಂದರೆ ಸಾಕಾಗಿತ್ತು. 1940–41ರ ಚಳಿಗಾಲದಲ್ಲಿ ರೆಜೀನಾ ಬ್ರೌನ್‌ಶ್ವೈಗ್, ಗೋಟಿಂಗೆನ್, ಬ್ರೆಮೆನ್ ಮೊದಲಾದ ಊರುಗಳಿಗೆ ಹೋಗಿ ರಬ್ಬಿಗಳಿಲ್ಲದ ಸಭೆಗಳಲ್ಲಿ ಪ್ರವಚನ ಮಾಡಿದರು. ಬಳಿಕ ನಾಜಿಗಳು ಅವರನ್ನು ಕಾರ್ಖಾನೆಯೊಂದರಲ್ಲಿ ಬಿಟ್ಟಿ ದುಡಿಮೆಗೆ ಹಚ್ಚಿದರು. ಹಗಲು ದುಡಿದು, ಉಳಿದ ಹೊತ್ತಿನಲ್ಲಿ ಅವರು ತಮ್ಮ ಸೇವೆಯನ್ನು ಮುಂದುವರಿಸಿದರು.

1942ರ ನವೆಂಬರ್ ಮೊದಲ ವಾರ ಅವರ ಸರದಿ ಬಂತು. ಮನೆಯ ಸಾಮಾನುಗಳನ್ನೆಲ್ಲ ಪಟ್ಟಿಮಾಡಿ ಸರಕಾರದ ನಮೂನೆಯಲ್ಲಿ ಬರೆದುಕೊಡಬೇಕಾಯಿತು, ಎಲ್ಲವೂ ಜಪ್ತಿಯಾಯಿತು. ನವೆಂಬರ್ 6ರಂದು ತಾಯಿ ಮಗಳಿಬ್ಬರನ್ನೂ ಪ್ರಾಗ್ ನಗರದ ಉತ್ತರಕ್ಕಿರುವ ತೆರೆಸಿಯೆನ್‌ಸ್ಟಾಟ್ ಎಂಬ ಕೋಟೆ ಊರಿಗೆ ಸಾಗಿಸಿದರು. ಯುದ್ಧ ಮುಗಿಯುವವರೆಗೆ 1 ಲಕ್ಷ 40 ಸಾವಿರದಷ್ಟು ಯೆಹೂದ್ಯರನ್ನು ಅಲ್ಲಿ ಕೂಡಿಹಾಕಲಾಯಿತು. ಸುಮಾರು 33 ಸಾವಿರ ಮಂದಿ ಅಲ್ಲಿಯೇ ಹಸಿವು, ಕಾಯಿಲೆಗಳಿಂದ ಸತ್ತರು.

ಆ ನರಕದಲ್ಲಿ ವಿಕ್ಟರ್ ಫ್ರಾಂಕ್ಲ್ ಎಂಬ ಮನೋವೈದ್ಯರು ಹೊಸದಾಗಿ ಬಂದವರಿಗೆ ಧೈರ್ಯ ಹೇಳುವುದಕ್ಕೆ ಒಂದು ತಂಡವನ್ನು ಕಟ್ಟಿದ್ದರು. ರೆಜೀನಾ ಆ ತಂಡದಲ್ಲಿ ಸೇರಿದರು. ರೈಲಿನಿಂದ ಇಳಿದು, ಎಲ್ಲಿಗೆ ಬಂದೆವೆಂದು ತಿಳಿಯದೆ ದಿಕ್ಕೆಟ್ಟು ನಿಂತವರನ್ನು ಎದುರುಗೊಂಡು ಮಾತನಾಡಿಸುವುದು ಅವರ ಕೆಲಸವಾಗಿತ್ತು. ಅದರ ಜೊತೆಗೆ ಉಪನ್ಯಾಸಗಳನ್ನೂ ಕೊಟ್ಟರು. ಯೆಹೂದ್ಯ ಸ್ತ್ರೀಯರ ಇತಿಹಾಸ, ತಾಲ್ಮುದಿನ ವಿಷಯಗಳು, ಬೈಬಲಿನ ಪ್ರಸಂಗಗಳು, ಹಬ್ಬಗಳು, ಹೀಗೆ ಅವರ 24 ಉಪನ್ಯಾಸಗಳ ಪಟ್ಟಿಯೊಂದು ಅಲ್ಲಿನ ದಾಖಲೆಗಳಲ್ಲಿ ಉಳಿದಿದೆ. ನಾಳೆ ಬದುಕಿರುತ್ತೇವೋ ಇಲ್ಲವೋ ಎಂಬ ಸ್ಥಳದಲ್ಲಿಯೂ ಪಾಠ ಕೇಳುವುದಕ್ಕೆ ಜನರಿದ್ದರು, ಹೇಳುವುದಕ್ಕೆ ಗುರುವಿದ್ದರು. ಶಿಕ್ಷಕರಾದ ನಮಗೆ ಈ ಪಟ್ಟಿಯ ಸಂಗತಿಯನ್ನು ಓದಿದಾಗ ಕಣ್ಣು ತೇವವಾಯಿತು.

1944ರ ಅಕ್ಟೋಬರ್ 12ರಂದು ರೆಜೀನಾರನ್ನೂ ಅವರ ತಾಯಿಯನ್ನೂ ಔಷ್‌ವಿಟ್ಸಿಗೆ ಕಳುಹಿಸಿದರು. ಅಲ್ಲಿ ಅವರ ಕೊಲೆಯಾಯಿತು. ಆಗ ರೆಜೀನಾರ ವಯಸ್ಸು 42.

ಅವರ ಚರಿತ್ರೆ ಇಲ್ಲಿಗೆ ಮುಗಿಯುವುದಿಲ್ಲ. ಅವರನ್ನು ಬಲ್ಲ ಕೆಲವರು ಬದುಕಿ ಉಳಿದಿದ್ದರು. ಫ್ರಾಂಕ್ಲ್ ಉಳಿದರು; ಜರ್ಮನಿಯ ಯೆಹೂದ್ಯರ ಹಿರಿಯ ಗುರು ಲಿಯೋ ಬೆಕ್ ಉಳಿದರು. ಆದರೆ ಯುದ್ಧದ ನಂತರ ಇಂಥ ಹಿರಿಯರು ತಮ್ಮ ಮಾತುಗಳಲ್ಲಾಗಲಿ ಬರಹಗಳಲ್ಲಾಗಲಿ ರೆಜೀನಾರ ಹೆಸರೆತ್ತಲಿಲ್ಲ. 1972ರಲ್ಲಿ ಅಮೆರಿಕದಲ್ಲಿ ಸ್ಯಾಲಿ ಪ್ರೀಸಾಂಡ್ ಎಂಬವರು ರಬ್ಬಿಯಾದಾಗ, ಲೋಕದ ಮೊದಲ ಮಹಿಳಾ ರಬ್ಬಿ ಅವರೇ ಎಂದು ಬಹು ಜನ ತಿಳಿದರು. ಅದು ಯಾರೂ ಬೇಕೆಂದು ಹೇಳಿದ ಸುಳ್ಳಲ್ಲ. ಬಲ್ಲವರು ಮೌನವಾಗಿದ್ದುದರ ಫಲ.

ರೆಜೀನಾ ಮಾತ್ರ ತಮ್ಮ ಕಾಗದಪತ್ರಗಳನ್ನು ಕಾಪಾಡಿದ್ದರು. ಗಡೀಪಾರಿಗೆ ಮೊದಲು ಅವನ್ನು ಬರ್ಲಿನ್ನಿನ ಯೆಹೂದ್ಯ ಸಮುದಾಯದ ವಶಕ್ಕೆ ಕೊಟ್ಟಿದ್ದರು. ಆ ಕಟ್ಟು ಪೂರ್ವ ಜರ್ಮನಿಯ ಪತ್ರಾಗಾರದಲ್ಲಿ ದಶಕಗಳ ಕಾಲ ಬಿದ್ದಿತ್ತು. 1989ರಲ್ಲಿ ಬರ್ಲಿನ್ ಗೋಡೆ ಬಿದ್ದ ಮೇಲೆ, 1991ರಲ್ಲಿ ಕಾಥರೀನಾ ಫಾನ್ ಕೆಲೆನ್‌ಬಾಖ್ ಎಂಬ ವಿದ್ವಾಂಸೆ ಅದನ್ನು ಬಿಚ್ಚಿ ನೋಡಿದರು. ಪ್ರಬಂಧ, ದೀಕ್ಷಾಪತ್ರ, ಪತ್ರಗಳು, ಎರಡು ಭಾವಚಿತ್ರಗಳು ದೊರೆತವು. ಅಮೆರಿಕ, ಇಂಗ್ಲೆಂಡ್ ಮೊದಲಾದ ದೇಶಗಳ ಅನೇಕ ಯೆಹೂದ್ಯ ಸಭೆಗಳಲ್ಲಿ ಇಂದು ಹೆಂಗಸರು ಪೀಠವೇರಿ ಪ್ರಾರ್ಥನೆ ನಡೆಸುತ್ತಾರೆ. ಗಂಡಸರು ಹೆಂಗಸರು ಒಟ್ಟಿಗೆ ಕುಳಿತು ಕೇಳುತ್ತಾರೆ. ಜರ್ಮನಿಯಲ್ಲಿ ರೆಜೀನಾರ ನಂತರ ಇನ್ನೊಬ್ಬ ಮಹಿಳೆ, ಅಲೀನಾ ಟ್ರೈಗರ್, ದೀಕ್ಷೆ ಪಡೆದದ್ದು 2010ರಲ್ಲಿ. ನಡುವೆ ಕಳೆದುಹೋದದ್ದು 75 ವರ್ಷ.

ವಿದ್ಯಾರ್ಥಿಗಳೇ, ಈ ಜೀವನದಿಂದ ನಾವು ಎರಡು ಮಾತು ಕಲಿಯಬಹುದು. ಬೇಡವೆಂದು ಹೇಳುವವರ ಗ್ರಂಥವನ್ನು ಅವರಿಗಿಂತ ಚೆನ್ನಾಗಿ ಓದಿದವರ ಮಾತಿಗೆ ಬಲ ಬರುತ್ತದೆ ಎಂಬುದು ಒಂದು. ಕಂಡದ್ದನ್ನು ಹೇಳದೆ ಬಿಟ್ಟರೆ, ಬರೆದದ್ದನ್ನು ಕಾಪಾಡದೆ ಬಿಟ್ಟರೆ, ಎಂಥ ದೊಡ್ಡ ಬಾಳೂ ಅಳಿಸಿಹೋದೀತು ಎಂಬುದು ಇನ್ನೊಂದು. ನಿಮ್ಮ ಅಜ್ಜಿಯೋ ದೊಡ್ಡಮ್ಮನೋ ಊರಿನಲ್ಲಿ ಮೊದಲಿಗೆ ಶಾಲೆಗೆ ಹೋದವರಾಗಿರಬಹುದು, ಮೊದಲಿಗೆ ಪಾಠ ಹೇಳಿದವರಾಗಿರಬಹುದು. ಈ ರಜೆಯಲ್ಲಿ ಅವರ ಬಳಿ ಕುಳಿತು ಕೇಳಿ, ಕನ್ನಡದಲ್ಲಿ ಬರೆದಿಡಿ. ಬರುವ ವರ್ಷದ ಸಂಚಿಕೆಗೆ ಅದನ್ನು ನಾವು ಸಂತೋಷದಿಂದ ಸ್ವೀಕರಿಸುತ್ತೇವೆ.