ಸೂಜಿಗಲ್ಲಿನ ಪರೀಕ್ಷಕ ವಿಲಿಯಂ ಗಿಲ್ಬರ್ಟ್

ಅಯಸ್ಕಾಂತಕ್ಕೆ ಕನ್ನಡದಲ್ಲಿ ಸೂಜಿಗಲ್ಲು ಎಂಬ ಹೆಸರಿದೆ. ಅದು ಬಹು ನಿಖರವಾದ ಹೆಸರು. ಮನುಷ್ಯನು ಮೊದಲು ಕಂಡ ಅಯಸ್ಕಾಂತ ಕಾರ್ಖಾನೆಯಲ್ಲಿ ಸಿದ್ಧವಾದ ಉಕ್ಕಿನ ತುಂಡಲ್ಲ. ನೆಲದೊಳಗಿಂದ ದೊರೆತ ಕಪ್ಪು ಕಲ್ಲು. ಕಬ್ಬಿಣವು ಆಮ್ಲಜನಕದೊಡನೆ ಕೂಡಿ ಆದ ಈ ಆಕ್ಸೈಡಿಗೆ ಮ್ಯಾಗ್ನೆಟೈಟ್ ಎಂದು ಹೆಸರು. ಕುದುರೆಮುಖದ ಗಣಿಯಿಂದ ಕೊಳವೆಮಾರ್ಗವಾಗಿ ಮಂಗಳೂರಿಗೆ ಹರಿದುಬರುತ್ತಿದ್ದುದೂ ಇದೇ ಜಾತಿಯ ಅದಿರು. ಇದರ ಗುಣಗಳನ್ನು ಸ್ವತಃ ಪರೀಕ್ಷಿಸಿ, ಪರೀಕ್ಷೆಗೆ ನಿಲ್ಲದ ಮಾತನ್ನು ಎಷ್ಟೇ ದೊಡ್ಡವರು ಹೇಳಿದ್ದರೂ ತಳ್ಳಿಹಾಕಿ ಗ್ರಂಥ ಬರೆದವನು ವಿಲಿಯಂ ಗಿಲ್ಬರ್ಟ್.

ಗಿಲ್ಬರ್ಟನು 1544ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಕೋಲ್ಚೆಸ್ಟರ್ ಪಟ್ಟಣದಲ್ಲಿ ಜನಿಸಿದನು. ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಓದಿ 1569ರಲ್ಲಿ ವೈದ್ಯಶಾಸ್ತ್ರದ ಡಾಕ್ಟರ್ ಪದವಿಯನ್ನು ಪಡೆದನು. ಮುಂದೆ ಲಂಡನ್ನಿನಲ್ಲಿ ನೆಲೆಸಿ ಹೆಸರಾಂತ ವೈದ್ಯನಾದನು. 1600ರಲ್ಲಿ ವೈದ್ಯರ ರಾಜಸಂಸ್ಥೆಯ ಅಧ್ಯಕ್ಷನಾಗಿ, ಮರುವರ್ಷ ಒಂದನೆಯ ಎಲಿಜಬೆತ್ ರಾಣಿಯ ವೈದ್ಯನಾಗಿ ನೇಮಕಗೊಂಡನು. ಅವನು ಮದುವೆಯಾಗಲಿಲ್ಲ. ರೋಗಿಗಳ ಆರೈಕೆಯಿಂದ ಉಳಿದ ಕಾಲವನ್ನೂ ಗಳಿಸಿದ ಹಣವನ್ನೂ ಕಲ್ಲು, ಕಬ್ಬಿಣ ಮತ್ತು ಉಪಕರಣಗಳಿಗೆ ವ್ಯಯಿಸಿದನು.

ವೈದ್ಯನೊಬ್ಬನಿಗೆ ಈ ಕಲ್ಲಿನ ಹಂಬಲವೇಕೆ ಎಂದು ಕೇಳಬಹುದು. ಅದು ಹಡಗುಗಳು ಮಹಾಸಾಗರಗಳನ್ನು ದಾಟುತ್ತಿದ್ದ ಕಾಲ. ಮೋಡ ಮುಸುಕಿದ ರಾತ್ರಿಯಲ್ಲಿ ನಾವಿಕನ ಜೀವ ದಿಕ್ಸೂಚಿಯ ಮುಳ್ಳನ್ನು ನಂಬಿಕೊಂಡಿತ್ತು. ಆ ಮುಳ್ಳು ಉತ್ತರಕ್ಕೆ ತಿರುಗುವುದೇಕೆಂದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಧ್ರುವನಕ್ಷತ್ರ ಅದನ್ನು ಸೆಳೆಯುತ್ತದೆಂದು ಕೆಲವರು, ಉತ್ತರದಲ್ಲಿ ಅಯಸ್ಕಾಂತದ ಪರ್ವತವಿದೆಯೆಂದು ಕೆಲವರು ಹೇಳುತ್ತಿದ್ದರು. ಬೆಳ್ಳುಳ್ಳಿ ಸವರಿದರೆ ಸೂಜಿಗಲ್ಲಿನ ಶಕ್ತಿ ನಾಶವಾಗುತ್ತದೆ, ವಜ್ರವನ್ನು ಹತ್ತಿರವಿಟ್ಟರೆ ಕುಗ್ಗುತ್ತದೆ ಎಂಬ ಮಾತುಗಳು ಗ್ರಂಥದಿಂದ ಗ್ರಂಥಕ್ಕೆ ನಕಲಾಗುತ್ತಾ ಬಂದಿದ್ದವು. ವಜ್ರದಿಂದ ಉಜ್ಜಿದ ಕಬ್ಬಿಣವೂ ಉತ್ತರಕ್ಕೆ ತಿರುಗುತ್ತದೆಂದು ಇಟಲಿಯ ವಿದ್ವಾಂಸನೊಬ್ಬನು ಬರೆದಿದ್ದನು. ಗಿಲ್ಬರ್ಟನು ಹಲವು ಸಾಕ್ಷಿಗಳ ಸಮ್ಮುಖದಲ್ಲಿ 75 ವಜ್ರಗಳನ್ನು ತಂದು ಪರೀಕ್ಷಿಸಿದನು. ಒಂದರಿಂದಲೂ ಕಬ್ಬಿಣಕ್ಕೆ ಆ ಗುಣ ಬರಲಿಲ್ಲ.

ಗ್ರಂಥಗಳನ್ನು ಹೀಗೆ ಸಂಶಯಿಸಿದವನು ಕುಶಲಕರ್ಮಿಗಳ ಮಾತಿಗೆ ಮಾತ್ರ ಕಿವಿಗೊಟ್ಟನು. ಲಂಡನ್ನಿನಲ್ಲಿ ರಾಬರ್ಟ್ ನಾರ್ಮನ್ ಎಂಬ ಮಾಜಿ ನಾವಿಕನು ದಿಕ್ಸೂಚಿಗಳನ್ನು ತಯಾರಿಸುತ್ತಿದ್ದನು. ಸಮತೂಕಕ್ಕೆ ನಿಲ್ಲಿಸಿದ ಮುಳ್ಳು ಸೂಜಿಗಲ್ಲಿಗೆ ಉಜ್ಜಿದ ಕೂಡಲೇ ಒಂದು ತುದಿಯಲ್ಲಿ ಕೆಳಕ್ಕೆ ಬಾಗುತ್ತಿದ್ದುದನ್ನು ಅವನು ಕಂಡನು. ಸರಿಪಡಿಸಲೆಂದು ಆ ತುದಿಯನ್ನು ಕತ್ತರಿಸಹೋಗಿ, ಶ್ರಮವಹಿಸಿ ಮಾಡಿದ ಮುಳ್ಳೊಂದು ಕೆಟ್ಟುಹೋಯಿತು. ಆ ಬೇಸರವೇ ಅವನನ್ನು ಕಾರಣದ ಶೋಧಕ್ಕೆ ಹಚ್ಚಿತು. ಲಂಡನ್ನಿನಲ್ಲಿ ಮುಳ್ಳು ಸುಮಾರು 72 ಡಿಗ್ರಿಗಳಷ್ಟು ಬಾಗುತ್ತದೆಂದು ಅಳೆದು, 1581ರಲ್ಲಿ ಸಣ್ಣ ಪುಸ್ತಕವೊಂದರಲ್ಲಿ ಪ್ರಕಟಿಸಿದನು. ವಿದ್ವತ್ತೆಂದರೆ ಲ್ಯಾಟಿನ್ ಎಂದಿದ್ದ ಆ ಕಾಲದಲ್ಲಿ ಅವನು ಬರೆದದ್ದು ತನ್ನ ಆಡುಮಾತಾದ ಇಂಗ್ಲಿಷಿನಲ್ಲಿ. ಲ್ಯಾಟಿನ್ ಪಂಡಿತನಾದ ಗಿಲ್ಬರ್ಟನು ಅದನ್ನು ಆದರದಿಂದ ಓದಿ ತನ್ನ ವಿಚಾರಕ್ಕೆ ಆಧಾರವಾಗಿ ಸ್ವೀಕರಿಸಿದನು.

ಅವನ ಪ್ರಯೋಗಗಳಲ್ಲಿ ಮುಖ್ಯವಾದುದು ಸೂಜಿಗಲ್ಲಿನ ಗೋಲವನ್ನು ಕುರಿತದ್ದು. 1269ರಲ್ಲಿಯೇ ಪೆಟ್ರಸ್ ಪೆರೆಗ್ರಿನಸ್ ಎಂಬ ಫ್ರೆಂಚ್ ವಿದ್ವಾಂಸನು ಅಂಥ ಗೋಲದ ಮೇಲೆ ಧ್ರುವಗಳನ್ನು ಗುರುತಿಸಿದ್ದನು. ಗಿಲ್ಬರ್ಟನು ಮುಂದಿನ ಹೆಜ್ಜೆಯಿಟ್ಟನು. ಆ ಗೋಲವನ್ನು ಪುಟ್ಟ ಭೂಮಿ ಎಂದು ಕರೆದು, ಅದರ ಮೇಲೆ ಸಣ್ಣ ಸೂಜಿಯನ್ನು ಊರಿಂದೂರಿಗೆ ಹೋಗುವ ಯಾತ್ರಿಕನಂತೆ ಸಾಗಿಸಿದನು. ಗೋಲದ ನಡುವೃತ್ತದಲ್ಲಿ ಸೂಜಿ ಮೇಲ್ಮೈಗೆ ಸಮಾಂತರವಾಗಿ ಮಲಗಿತು. ಧ್ರುವದ ಕಡೆಗೆ ಸರಿದಂತೆ ಬಾಗಿತು. ಧ್ರುವದಲ್ಲಿ ನೆಟ್ಟಗೆ ನಿಂತಿತು. ನಾರ್ಮನ್ನನ ಮುಳ್ಳು ಲಂಡನ್ನಿನಲ್ಲಿ ಮಾಡುತ್ತಿದ್ದುದೂ ಇದನ್ನೇ. ಸೂಜಿಯನ್ನು ಸೆಳೆಯುವುದು ನಕ್ಷತ್ರವೂ ಅಲ್ಲ, ಪರ್ವತವೂ ಅಲ್ಲ. ನಾವು ನಿಂತಿರುವ ಭೂಮಿಯೇ ಒಂದು ಮಹಾ ಅಯಸ್ಕಾಂತ ಎಂಬ ನಿರ್ಣಯಕ್ಕೆ ಅವನು ಬಂದನು.

ಕಮ್ಮಾರನ ಕುಲುಮೆಯೂ ಅವನಿಗೆ ಪ್ರಯೋಗಶಾಲೆಯಾಯಿತು. ಕಾದು ಕೆಂಪಾದ ಕಬ್ಬಿಣವನ್ನು ಸೂಜಿಗಲ್ಲು ಸೆಳೆಯುವುದಿಲ್ಲವೆಂದೂ, ತೀವ್ರವಾಗಿ ಕಾಯಿಸಿದ ಸೂಜಿಗಲ್ಲು ತನ್ನ ಬಲವನ್ನು ಕಳೆದುಕೊಳ್ಳುತ್ತದೆಂದೂ ಕಂಡುಕೊಂಡನು. ಕಾದ ಸಲಾಕೆಯನ್ನು ಉತ್ತರ ದಕ್ಷಿಣವಾಗಿ ಇಟ್ಟು ಬಡಿದು ತಣಿಸಿದರೆ ಅದು ತಾನೇ ಅಯಸ್ಕಾಂತವಾಗುತ್ತದೆ ಎಂಬುದನ್ನು ತೋರಿಸಲು ಅಡಿಗಲ್ಲಿನ ಮುಂದೆ ನಿಂತ ಕಮ್ಮಾರನ ಚಿತ್ರವನ್ನೇ ತನ್ನ ಗ್ರಂಥದಲ್ಲಿ ಅಚ್ಚುಹಾಕಿಸಿದನು.

ಉಜ್ಜಿದ ಅಂಬರ್ ಹುಲ್ಲುಕಡ್ಡಿಯನ್ನು ಸೆಳೆಯುವುದೂ ಸೂಜಿಗಲ್ಲು ಕಬ್ಬಿಣವನ್ನು ಸೆಳೆಯುವುದೂ ಒಂದೇ ಬಗೆಯೆಂದು ಅನೇಕರು ಎಣಿಸಿದ್ದರು. ಗಿಲ್ಬರ್ಟನು ಹಗುರವಾದ ಲೋಹದ ಮುಳ್ಳೊಂದನ್ನು ಮೊನೆಯ ಮೇಲೆ ತಿರುಗುವಂತೆ ಮಾಡಿ, ಗಾಜು, ಗಂಧಕ, ಅರಗು, ರಾಳ ಮತ್ತು ಹಲವು ರತ್ನಗಳನ್ನು ಉಜ್ಜಿ ಅದರ ಹತ್ತಿರ ಹಿಡಿದನು. ಅವೆಲ್ಲವೂ ಅಂಬರಿನಂತೆಯೇ ಮುಳ್ಳನ್ನು ಸೆಳೆದವು. ಆದರೆ ನಡುವೆ ಕಾಗದವನ್ನಿಟ್ಟರೆ ಆ ಸೆಳೆತ ನಿಲ್ಲುತ್ತಿತ್ತು. ತೇವದ ಗಾಳಿಯಲ್ಲಿ ಕುಗ್ಗುತ್ತಿತ್ತು. ಸೂಜಿಗಲ್ಲಿಗೆ ಉಜ್ಜುವಿಕೆ ಬೇಡ. ಕಾಗದವೂ ನೀರೂ ಅದಕ್ಕೆ ಅಡ್ಡಿಯಲ್ಲ. ಎರಡೂ ಬೇರೆ ಬೇರೆ ಶಕ್ತಿಗಳೆಂದು ಅವನು ವಿಂಗಡಿಸಿದನು. ಅಂಬರಿನ ಗ್ರೀಕ್ ಹೆಸರಿನಿಂದ ಅವನು ರೂಪಿಸಿದ ಲ್ಯಾಟಿನ್ ಪದದಿಂದಲೇ ಇಂದಿನ ಎಲೆಕ್ಟ್ರಿಕ್ ಎಂಬ ಶಬ್ದ ಬಂದಿದೆ.

ಈ ಎಲ್ಲವನ್ನೂ ಒಳಗೊಂಡ ದೆ ಮ್ಯಾಗ್ನೆಟೆ ಎಂಬ ಲ್ಯಾಟಿನ್ ಗ್ರಂಥ 1600ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ತಾನು ಕಂಡುಹಿಡಿದ ಸಂಗತಿಗಳ ಪಕ್ಕದಲ್ಲಿ, ಅವುಗಳ ಮಹತ್ತ್ವಕ್ಕೆ ತಕ್ಕಂತೆ, ದೊಡ್ಡ ಮತ್ತು ಸಣ್ಣ ನಕ್ಷತ್ರಚಿಹ್ನೆಗಳನ್ನು ಗಿಲ್ಬರ್ಟನು ಹಾಕಿಸಿದನು. ಕೆಪ್ಲರ್ ಮತ್ತು ಗೆಲಿಲಿಯೊ ಅದನ್ನು ಆಸಕ್ತಿಯಿಂದ ಓದಿದರು.

ಅವನ ಎಲ್ಲ ನಿರ್ಣಯಗಳೂ ಉಳಿಯಲಿಲ್ಲ. ದಿಕ್ಸೂಚಿಯು ನಿಜವಾದ ಉತ್ತರದಿಂದ ಓರೆಯಾಗುವ ಪ್ರಮಾಣ ಒಂದು ಸ್ಥಳದಲ್ಲಿ ಎಂದಿಗೂ ಬದಲಾಗದೆಂದು ಅವನು ನಂಬಿದ್ದನು. ಅದು ಕಾಲಕಾಲಕ್ಕೆ ಬದಲಾಗುತ್ತದೆಂದು 1635ರಲ್ಲಿ ಹೆನ್ರಿ ಗೆಲಿಬ್ರ್ಯಾಂಡ್ ತೋರಿಸಿದನು. ಭೂಮಿಯ ಒಡಲು ಸೂಜಿಗಲ್ಲಿನದೆಂಬ ಅವನ ಎಣಿಕೆಯೂ ಸರಿಯಲ್ಲ. ಭೂಮಿಯ ಕಾಂತತ್ವಕ್ಕೆ ಕಾರಣ ಅದರ ಗರ್ಭದಲ್ಲಿ ಚಲಿಸುತ್ತಿರುವ ದ್ರವರೂಪದ ಕಬ್ಬಿಣ. ಆದರೆ ಈ ತಪ್ಪುಗಳು ತಿಳಿದುಬಂದದ್ದೂ ಅವನು ಕಲಿಸಿದ ಪರೀಕ್ಷೆಯ ದಾರಿಯಿಂದಲೇ.

1603ರ ಮಾರ್ಚಿನಲ್ಲಿ ರಾಣಿ ತೀರಿಕೊಂಡಳು. ಲಂಡನ್ನಿನಲ್ಲಿ ಪ್ಲೇಗ್ ಹಬ್ಬಿದ್ದ ಅದೇ ವರ್ಷದ ಕೊನೆಯಲ್ಲಿ ಗಿಲ್ಬರ್ಟನೂ ಮರಣಹೊಂದಿದನು. ಆ ರೋಗವೇ ಅವನನ್ನು ಬಲಿತೆಗೆದುಕೊಂಡಿತೆಂದು ಭಾವಿಸಲಾಗಿದೆ. ಹುಟ್ಟೂರಿನಲ್ಲಿ ಅವನ ಸಮಾಧಿಯಾಯಿತು. ವೈದ್ಯರ ಸಂಸ್ಥೆಗೆ ಅವನು ಬಿಟ್ಟುಹೋದ ಪುಸ್ತಕಗಳೂ ಉಪಕರಣಗಳೂ 1666ರ ಲಂಡನ್ ಮಹಾ ಅಗ್ನಿದುರಂತದಲ್ಲಿ ಸುಟ್ಟುಹೋದವು. ಆದರೆ ಅಚ್ಚಾದ ಗ್ರಂಥ ಉಳಿಯಿತು.

ಸೂಜಿಗಲ್ಲಿನ ಒಳಗುಟ್ಟು ತಿಳಿಯಲು ಇನ್ನೂ ಮೂರೂವರೆ ಶತಮಾನ ಬೇಕಾಯಿತು. ಈ ಆಕ್ಸೈಡಿನಲ್ಲಿ ಕಬ್ಬಿಣದ ಪರಮಾಣುಗಳು ಎರಡು ಬಗೆಯ ನೆಲೆಗಳಲ್ಲಿದ್ದು, ಹಗ್ಗಜಗ್ಗಾಟದ ಎರಡು ತಂಡಗಳಂತೆ ಪರಸ್ಪರ ವಿರುದ್ಧ ದಿಕ್ಕಿಗೆ ಮುಖಮಾಡಿರುತ್ತವೆ. ಎರಡರ ಬಲ ಸಮವಲ್ಲದ ಕಾರಣ ಉಳಿಯುವ ಶೇಷವೇ ಕಲ್ಲಿನ ಕಾಂತತ್ವವೆಂದು ಫ್ರಾನ್ಸಿನ ಲೂಯಿ ನೀಲ್ 1948ರಲ್ಲಿ ವಿವರಿಸಿದನು. ಈ ಕಲ್ಲು ಬಹುಪಾಲು ಆಕ್ಸೈಡುಗಳಿಗಿಂತ ಚೆನ್ನಾಗಿ ವಿದ್ಯುತ್ತನ್ನು ಹರಿಯಗೊಡುತ್ತದೆ. ಆದರೆ ಸೊನ್ನೆಗಿಂತ ಸುಮಾರು 150 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿದರೆ ಅದರ ವಾಹಕತೆ ಹಠಾತ್ತನೆ ಸುಮಾರು ನೂರು ಪಟ್ಟು ಕುಸಿಯುತ್ತದೆ. ಇದನ್ನು ಹಾಲೆಂಡಿನ ಎವರ್ಟ್ ವೆರ್ವೆ 1939ರಲ್ಲಿ ವಿವರಿಸಿದ್ದನು. ಗಿಲ್ಬರ್ಟನು ಬೇರ್ಪಡಿಸಿದ ಎರಡು ಶಕ್ತಿಗಳನ್ನೂ ವಿಜ್ಞಾನಿಗಳು ಅವನ ಕೈಯಲ್ಲಿದ್ದ ಕಲ್ಲಿನಲ್ಲಿಯೇ ಒಟ್ಟಿಗೆ ಅಭ್ಯಸಿಸತೊಡಗಿದರು. ಧ್ವನಿವರ್ಧಕದ ಹಿಂಬದಿಯಲ್ಲಿರುವ ಕಪ್ಪು ಫೆರೈಟ್ ಅಯಸ್ಕಾಂತವೂ ಕಬ್ಬಿಣದ ಆಕ್ಸೈಡಿನ ವಂಶದ್ದೇ.

ನಮ್ಮ ಶಾಲೆಯ ಮಕ್ಕಳು ಇಂದಿಗೂ ಕಾಗದದ ಮೇಲೆ ಕಬ್ಬಿಣದ ಹುಡಿ ಚೆಲ್ಲಿ, ಕೆಳಗೆ ಅಯಸ್ಕಾಂತವನ್ನು ಹಿಡಿದು ನೋಡುತ್ತಾರೆ. ಸ್ಕೇಲನ್ನು ತಲೆಗೂದಲಿಗೆ ಉಜ್ಜಿ ಕಾಗದದ ಚೂರುಗಳನ್ನು ಎತ್ತುತ್ತಾರೆ. ಎರಡೂ ಬೇರೆ ಬೇರೆ ಪಾಠಗಳಾಗಿರುವುದರ ಹಿಂದೆ ಗಿಲ್ಬರ್ಟನ ಶ್ರಮವಿದೆ. ಕಾಗದ ಏಕೆ ಅಡ್ಡಿಯಾಗಲಿಲ್ಲವೆಂದು ಮಗುವೊಂದು ತನ್ನ ಮಾತಿನಲ್ಲಿ ಕೇಳಿದಾಗ, ಉತ್ತರ ಹೇಳುವ ಮೊದಲು ಇನ್ನೊಮ್ಮೆ ಪರೀಕ್ಷಿಸಿ ನೋಡಲು ಅದಕ್ಕೆ ಅವಕಾಶ ಕೊಡುವ ಅಧ್ಯಾಪಕರೂ ತಂದೆತಾಯಂದಿರೂ ಅವನ ಪರಂಪರೆಯನ್ನೇ ಮುಂದುವರಿಸುತ್ತಿದ್ದಾರೆ.