ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು: ಹ್ಯಾನ್ಸ್ ಬರ್ಗರ್ ಪಾಠ

ನರವ್ಯೂಹದ ಪಾಠಕ್ಕೆ ಪೀಠಿಕೆಯಾಗಿ ಹ್ಯಾನ್ಸ್ ಬರ್ಗರ್ ಅವರ ಬದುಕನ್ನು ನಾನು ಎರಡು ಸಲ ಹೇಳಿದೆ: ಮೊದಲು ಶಿವಮೊಗ್ಗದ ಒಂದು ಶಾಲೆಯಲ್ಲಿ, ಮರುವಾರ ಭದ್ರಾವತಿಯಲ್ಲಿ. ಮೊದಲ ಸಲ ಎಡವಿದೆ.

ಬರ್ಗರ್ 1873ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. ಯುವಕರಾಗಿ ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು, ಫಿರಂಗಿ ಗಾಡಿಯ ಚಕ್ರಕ್ಕೆ ಸಿಗದೆ ಸ್ವಲ್ಪದರಲ್ಲೇ ಪಾರಾದರು. ಅದೇ ದಿನ ಊರಿನಲ್ಲಿದ್ದ ಸೋದರಿ ಕಳವಳಗೊಂಡು ತಂದೆಯಿಂದ ತಂತಿ ಕಳಿಸಿದ್ದರು. ಮನಸ್ಸಿನ ಶಕ್ತಿ ದೂರಕ್ಕೂ ಮುಟ್ಟುತ್ತದೆಂದು ನಂಬಿದ ಬರ್ಗರ್ ವೈದ್ಯಕೀಯ ಓದಿ, ಯೇನಾ ನಗರದಲ್ಲಿ ಮನೋವೈದ್ಯರಾದರು.

ನಾನು ಇಷ್ಟನ್ನೇ ರಸವತ್ತಾಗಿ ಹೇಳಿದೆ. ಕಿರುಪರೀಕ್ಷೆಯಲ್ಲಿ ಹಲವು ಮಕ್ಕಳು, ಮನಸ್ಸಿನಿಂದ ಮನಸ್ಸಿಗೆ ಸಂದೇಶ ಹೋಗುವುದನ್ನು ಬರ್ಗರ್ ಸಾಧಿಸಿದರೆಂದು ಬರೆದರು. ತಪ್ಪು ಮಕ್ಕಳದಲ್ಲ, ನನ್ನ ಪಾಠಯೋಜನೆಯದು.

ಭದ್ರಾವತಿಯಲ್ಲಿ ಉಳಿದರ್ಧವನ್ನೂ ಹೇಳಿದೆ. ಬರ್ಗರ್ ಮಿದುಳಿನ ರಕ್ತಚಲನೆ, ಉಷ್ಣತೆಗಳನ್ನು ವರ್ಷಗಟ್ಟಲೆ ಅಳೆದರು, ಹುಡುಕಿದ್ದು ಸಿಗಲಿಲ್ಲ. 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿ ದಾಖಲಿಸಿದರು. ಐದು ವರ್ಷ ಪರೀಕ್ಷಿಸಿ 1929ರಲ್ಲಿ ಪ್ರಕಟಿಸಿದರು. ಹಲವರು ನಂಬಲಿಲ್ಲ; 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ದೃಢಪಡಿಸಿದರು. ಕಣ್ಣು ಮುಚ್ಚಿದಾಗ ಸೆಕೆಂಡಿಗೆ ಸುಮಾರು ಹತ್ತು ಬಾರಿ ಏಳುವ ಆಲ್ಫಾ ಅಲೆ, ಕಣ್ಣು ತೆರೆದಾಗ ತಗ್ಗುತ್ತದೆ. ಅದರ ಬಲ ಸುಮಾರು 50 ಮೈಕ್ರೋವೋಲ್ಟ್. ಟಾರ್ಚಿನ 1.5 ವೋಲ್ಟ್ ಸೆಲ್ ತೋರಿಸಿ, ಇದರ ಮೂವತ್ತು ಸಾವಿರದಲ್ಲೊಂದು ಪಾಲು ಎಂದಾಗ ತರಗತಿ ನಿಶ್ಶಬ್ದವಾಯಿತು.

ಆಗ ಒಬ್ಬ ಹುಡುಗ ಎದ್ದು ನಿಂತ. ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದ ಅವನ ಅಜ್ಜ ಈಗ ಮನೆಯವರ ಹೆಸರನ್ನೇ ಮರೆಯುತ್ತಾರಂತೆ. ಆ ಯಂತ್ರ ಇಟ್ಟರೆ ನೆನಪು ಮರಳುತ್ತದೆಯೇ ಎಂದು ಕೇಳಿದ. ಹೌದೆನ್ನುವ ಆಸೆಯಾಯಿತು. ಆದರೆ ಇಇಜಿ ದಾಖಲಿಸುತ್ತದೆ, ವಾಸಿ ಮಾಡುವುದಿಲ್ಲ ಎಂದೆ. ಆಲ್ಝೈಮರ್ ಕಾಯಿಲೆಯಲ್ಲಿ ಅಲೆಗಳು ಸಾಮಾನ್ಯವಾಗಿ ನಿಧಾನವಾಗುತ್ತವೆ. ಅಂಥ ರೋಗಿಗಳ ಅಲೆಗಳನ್ನು 1930ರ ದಶಕದಲ್ಲಿ ಬರ್ಗರ್ ಅವರೇ ಗಮನಿಸಿದ್ದರು. ಬೇರೆ ಪರೀಕ್ಷೆಗಳನ್ನೂ ನೋಡಿಯೇ ವೈದ್ಯರು ತೀರ್ಮಾನಿಸುತ್ತಾರೆ, ಅಜ್ಜನನ್ನು ಒಮ್ಮೆ ತೋರಿಸಲು ಅಪ್ಪನಿಗೆ ಹೇಳು ಎಂದೆ. ಹುಡುಗ ತಲೆಯಾಡಿಸಿ ಕುಳಿತ.

ನಾಜಿ ಆಳ್ವಿಕೆಯಲ್ಲಿ, ರೋಗಿಗಳ ಬಲವಂತದ ಸಂತಾನಹರಣಕ್ಕೆ ತೀರ್ಪು ಕೊಡುತ್ತಿದ್ದ ನ್ಯಾಯಾಲಯದಲ್ಲಿ ಬರ್ಗರ್ ಕುಳಿತಿದ್ದರು. 1941ರಲ್ಲಿ ಖಿನ್ನತೆಯಲ್ಲಿ ತಾವೇ ಪ್ರಾಣ ಕಳೆದುಕೊಂಡರು. ಇವನ್ನು ಮಕ್ಕಳಿಗೆ ಹೇಳಲಿಲ್ಲ. ಬೋಧಕರಾಗುವ ನಾವು ತಿಳಿದಿರಬೇಕು. ವಿಜ್ಞಾನಿಯ ಬದುಕನ್ನು ಪೀಠಿಕೆಗೆ ಬಳಸುವಾಗ, ಕಥೆ ಎಲ್ಲಿ ಮುಗಿದು ಪುರಾವೆ ಎಲ್ಲಿ ಶುರುವಾಗುತ್ತದೆ ಎಂಬ ಗೆರೆಯನ್ನು ಕಪ್ಪುಹಲಗೆಯ ಮೇಲೆಯೇ ಎಳೆಯುವುದು ಒಳಿತು.