ಅಡುಗೆಮನೆಯ ಕಿರಿಯ ಸಿಸ್ಟರ್: ಸಂತ ಮರಿಯಂ ಬವಾರ್ದಿ

ಸೆಪ್ಟೆಂಬರ್ 8 ಸಮೀಪಿಸಿತೆಂದರೆ ಉದ್ಯಾವರದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಇಗರ್ಜಿಯಿರಲಿ, ಕರಾವಳಿಯ ಇನ್ನಾವುದೇ ಇಗರ್ಜಿಯಿರಲಿ, ಮಕ್ಕಳದೇ ಸಂಭ್ರಮ. ಒಂಬತ್ತು ದಿನ ಹೂಬುಟ್ಟಿ ಹಿಡಿದು ಬಂದು ಬಾಲ ಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ. ಹಬ್ಬದಂದು ಆಶೀರ್ವದಿಸಿದ ತೆನೆ ಮನೆ ಸೇರುತ್ತದೆ. ಮನೆಮಂದಿಯೆಲ್ಲ ಒಟ್ಟಾಗಿ ಹೊಸ ಅಕ್ಕಿಯ ಊಟ ಮಾಡುತ್ತಾರೆ.

1858ರಲ್ಲಿ ಇದೇ ಮೊಂತಿ ಹಬ್ಬದ ಮುನ್ನಾ ರಾತ್ರಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದಲ್ಲಿ ಹನ್ನೆರಡು ವರ್ಷದ ಬಾಲೆಯೊಬ್ಬಳ ಕುತ್ತಿಗೆಗೆ ಕತ್ತಿ ಬಿತ್ತು. ಸತ್ತಳೆಂದು ತಿಳಿದು ಅವಳನ್ನು ಬೀದಿಯಲ್ಲಿ ಎಸೆದರು. ಆದರೆ ಅವಳು ಬದುಕಿದಳು. ಹನ್ನೆರಡು ವರ್ಷಗಳ ನಂತರ ಉದ್ಯಾವರದಿಂದ ಸುಮಾರು 50 ಕಿಲೋಮೀಟರ್ ದೂರದ ನಮ್ಮ ಮಂಗಳೂರಿಗೇ ಬಂದಳು. ಆಕೆಯೇ ಮರಿಯಂ ಬವಾರ್ದಿ, ಶಿಲುಬೆಗೇರಿದ ಯೇಸುವಿನ ಸಂತ ಮರಿಯ.

ಮರಿಯಂ ಹುಟ್ಟಿದ್ದು 1846ರ ಜನವರಿ 5ರಂದು, ಗಲಿಲೇಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ. ಹನ್ನೆರಡು ಗಂಡುಮಕ್ಕಳನ್ನು ಒಬ್ಬರಾದ ಮೇಲೊಬ್ಬರಂತೆ ಮಣ್ಣಿಗೆ ಕೊಟ್ಟ ತಂದೆತಾಯಿ ಬೆತ್ಲೆಹೇಮಿಗೆ ಯಾತ್ರೆ ಹೋಗಿ ದೇವಮಾತೆಯಲ್ಲಿ ಬೇಡಿ ಪಡೆದ ಮಗಳು ಈಕೆ. ಆದರೆ ಎಳೆತನದಲ್ಲೇ ಆಕೆ ಅನಾಥಳಾದಳು. ಚಿಕ್ಕಪ್ಪ ಸಾಕಿದರು. ಗೊತ್ತುಮಾಡಿದ ಮದುವೆಯನ್ನು ಒಪ್ಪದಿದ್ದಾಗ ಅವಳನ್ನು ಆಳುಗಳೊಂದಿಗೆ ಅಡುಗೆಮನೆಯ ಕೆಲಸಕ್ಕೆ ಹಚ್ಚಿದರು. ಊರಿನಲ್ಲಿದ್ದ ತಮ್ಮನಿಗೆ ಸುದ್ದಿ ಕಳುಹಿಸಲೆಂದು ಆ ರಾತ್ರಿ ಪರಿಚಿತ ಸೇವಕನೊಬ್ಬನ ಮನೆಗೆ ಹೋದಳು. ಅವನು ಕ್ರಿಸ್ತರನ್ನು ತೊರೆಯುವಂತೆ ಒತ್ತಾಯಿಸಿದ. ಒಲ್ಲೆನೆಂದದ್ದಕ್ಕೆ ಕತ್ತಿ ಎತ್ತಿದ. ನೀಲಿ ಉಡುಪಿನ ಸ್ತ್ರೀಯೊಬ್ಬರು ತನ್ನನ್ನು ಆರೈಕೆ ಮಾಡಿದರೆಂದು ಆಕೆ ಮುಂದೆ ಹೇಳಿದಳು. ಅವರು ಮಾತೆ ಮರಿಯಮ್ಮನೇ ಎಂಬುದರಲ್ಲಿ ಆಕೆಗೆ ಕೊನೆಯವರೆಗೂ ಸಂಶಯವಿರಲಿಲ್ಲ. ಕುತ್ತಿಗೆಯ ಕಲೆ ಜೀವಮಾನವಿಡೀ ಉಳಿಯಿತು.

ಬಳಿಕ ಮನೆಗೆಲಸ ಮಾಡುತ್ತಾ ಅಲೆಕ್ಸಾಂಡ್ರಿಯಾ, ಜೆರುಸಲೇಮ್, ಬೈರೂತ್ ದಾಟಿ ಫ್ರಾನ್ಸಿನ ಮಾರ್ಸೇಲ್ಸಿಗೆ ಬಂದಳು. ಅಲ್ಲಿ ಸೇರಿದ ಕಾನ್ವೆಂಟಿನವರು ಆಕೆಯನ್ನು ಮುಂದುವರಿಸಲು ಒಪ್ಪಲಿಲ್ಲ. ಆಗ ಕೈಹಿಡಿದವರು ಸಿಸ್ಟರ್ ವೆರೋನಿಕಾ. ಇವರೇ ಮುಂದೆ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸ್ಥಾಪಕಿಯಾದರು. ನಮ್ಮ ಎಷ್ಟೋ ತಾಯಂದಿರಿಗೆ ವಿದ್ಯೆ ಕೊಟ್ಟ ಸಭೆ ಅದು. 1867ರಲ್ಲಿ ಇಬ್ಬರೂ ಕೂಡಿ ಪೌ ಪಟ್ಟಣದ ಕಾರ್ಮೆಲ್ ಮಠ ಸೇರಿದರು. ಓದುಬರಹ ಹೆಚ್ಚೇನೂ ಬಾರದ ಮರಿಯಂಗೆ ಪಾತ್ರೆ, ಬಟ್ಟೆ, ಒಲೆಯ ಕೆಲಸವೇ ಇಷ್ಟವಾಯಿತು. ಯೇಸುವಿನ ಪಂಚಗಾಯಗಳ ಗುರುತು ಮೈಮೇಲೆ ಮೂಡಿದಾಗ ಅದನ್ನು ಕಾಯಿಲೆಯೆಂದೇ ಭಾವಿಸಿದಳು. ತಾನು ಏನೂ ಅಲ್ಲದ ಕಿರಿಯವಳೆಂದೇ ಹೇಳಿಕೊಳ್ಳುತ್ತಿದ್ದಳು.

1870ರಲ್ಲಿ ಬಿಷಪ್ ಮರಿ ಎಫ್ರೇಮ್ ಅವರ ಆಶಯದಂತೆ ಮಂಗಳೂರಿನಲ್ಲಿ ಕಾರ್ಮೆಲ್ ಮಠ ಕಟ್ಟಲು ಹೊರಟ ಸಿಸ್ಟರುಗಳ ಜೊತೆ ಮರಿಯಂ ಹಡಗು ಹತ್ತಿದಳು. ಮೂವರು ಸಿಸ್ಟರುಗಳು ಪ್ರಯಾಣದಲ್ಲೇ ತೀರಿಕೊಂಡರು. 1871ರ ನವೆಂಬರ್ 21ರಂದು ನಮ್ಮ ಈ ನೆಲದಲ್ಲೇ ಆಕೆ ತನ್ನ ವ್ರತಗಳನ್ನು ಸ್ವೀಕರಿಸಿದಳು.

ಆದರೆ ಆಕೆಯ ದೊಡ್ಡ ಶಿಲುಬೆಯೂ ಇಲ್ಲೇ ಕಾದಿತ್ತು. ಅಡುಗೆ ಕೆಲಸದ ನಡುವೆಯೂ ದೇವರ ಧ್ಯಾನದಲ್ಲಿ ಮೈಮರೆಯುತ್ತಿದ್ದ ಈಕೆಯ ಅನುಭವಗಳು ನಿಜವಾಗಿಯೂ ದೇವರಿಂದ ಬಂದವೇ ಎಂದು ಹಿರಿಯರು ಶಂಕಿಸಿದರು. ಬಿಷಪರಿಗೂ ಅದೇ ಅನುಮಾನ. ಅವರು ಕೆಟ್ಟವರಲ್ಲ, ಮಠಕ್ಕೆ ಕೇಡಾಗದಿರಲೆಂದು ಕಾಳಜಿ ವಹಿಸಿದವರೇ. ಕೊನೆಗೆ 1872ರಲ್ಲಿ ಆಕೆಯನ್ನು ಫ್ರಾನ್ಸಿಗೆ ಹಿಂದಕ್ಕೆ ಕಳುಹಿಸಿದರು. ಕುತ್ತಿಗೆಗೆ ಬಿದ್ದ ಕತ್ತಿ ವಿರೋಧಿಯದ್ದು. ಈ ನೋವು ತನ್ನವರಿಂದ ಬಂದದ್ದು. ಮರಿಯಂ ವಿಧೇಯಳಾಗಿ ಹೊರಟಳು. ಪೌ ಮಠಕ್ಕೆ ಮರಳಿ ಹಳೆಯ ಕೆಲಸವನ್ನೇ ಕೈಗೆತ್ತಿಕೊಂಡಳು.

1875ರಲ್ಲಿ ತಂದೆತಾಯಿ ಮೊಣಕಾಲೂರಿ ಬೇಡಿದ ಬೆತ್ಲೆಹೇಮಿಗೇ ದೇವರು ಆಕೆಯನ್ನು ಕರೆತಂದರು. ಅಲ್ಲಿ ಹೊಸ ಮಠ ಏಳಬೇಕಿತ್ತು. ಅರಬ್ಬಿ ಬಲ್ಲ ಈಕೆಯೇ ಕೂಲಿಯಾಳುಗಳ ಮೇಲ್ವಿಚಾರಣೆ ನೋಡಿಕೊಂಡಳು. 1878ರ ಆಗಸ್ಟಿನ ಬಿಸಿಲಲ್ಲಿ ಆ ಕೆಲಸಗಾರರಿಗೆ ಕುಡಿಯುವ ನೀರು ಒಯ್ಯುವಾಗ ಎಡವಿ ಬಿದ್ದು ಕೈ ಮುರಿಯಿತು. ಗಾಯ ಕೊಳೆತು, ಆಗಸ್ಟ್ 26ರಂದು ಆಕೆ ಪ್ರಭುವಿನಲ್ಲಿ ಐಕ್ಯಳಾದಳು. ಆಗ ವಯಸ್ಸು 32. ಸಂತ ಪೋಪ್ ಎರಡನೇ ಜಾನ್ ಪಾಲ್ 1983ರಲ್ಲಿ ಆಕೆಯನ್ನು ಧನ್ಯಳೆಂದೂ, ಪೋಪ್ ಫ್ರಾನ್ಸಿಸ್ 2015ರ ಮೇ 17ರಂದು ಸಂತಳೆಂದೂ ಸಾರಿದರು.

ಪ್ರಿಯ ಓದುಗರೇ, ಶಿಷ್ಯರು ತಮ್ಮಲ್ಲಿ ದೊಡ್ಡವರಾರೆಂದು ಕೇಳಿದಾಗ ಯೇಸು ಒಂದು ಮಗುವನ್ನು ಅವರ ನಡುವೆ ನಿಲ್ಲಿಸಿದರು. ಮಗು ಪೆಟ್ಟು ತಿಂದರೂ ತಾಯಿಯ ಸೆರಗನ್ನು ಬಿಡುವುದಿಲ್ಲ. ಮರಿಯಂ ದೇವರನ್ನು ಹಿಡಿದುಕೊಂಡದ್ದು ಹಾಗೆಯೇ. ಅದ್ಭುತಗಳಿಗಿಂತಲೂ, ತನ್ನನ್ನು ನಂಬದವರ ಮಾತಿಗೂ ತಲೆಬಾಗಿ ನಡೆದ ಆ ಮನಸ್ಸೇ ದೊಡ್ಡದು.

ನಮ್ಮ ಮನೆಗಳಲ್ಲೂ ಮಾತಿಗೆ ಬೆಲೆ ಸಿಗದ ಸೊಸೆ, ಸುಮ್ಮನೆ ಪಾತ್ರೆ ತೊಳೆಯುವ ಅಜ್ಜಿ, ಓದಿನಲ್ಲಿ ಹಿಂದುಳಿದ ಮಗು ಇರಬಹುದು. ಅಂದು ಮಂಗಳೂರಿನಲ್ಲಿ ದೇವಭಕ್ತರಾದವರೇ ಸಂತಳೊಬ್ಬಳನ್ನು ಗುರುತಿಸದೆ ಹೋದರು. ನಾವಾದರೂ ಗುರುತಿಸುತ್ತಿದ್ದೆವೆ? ಇಂದು ರಾತ್ರಿ ಜಪಸರಕ್ಕೆ ಕೂತಾಗ ಮನೆಯ ಕಿರಿಯವರ ಮುಖವನ್ನೊಮ್ಮೆ ನೋಡೋಣ. ನಮ್ಮನ್ನು ಯಾರಾದರೂ ತಪ್ಪು ತಿಳಿದಿದ್ದರೆ ಆ ನೋವನ್ನು ಮರಿಯಂಳಂತೆ ದೇವರ ಕೈಗೆ ಒಪ್ಪಿಸೋಣ.